‘ಬ್ರೇಕ್ ಆಯಿಲ್’ ಎಂಬುದನ್ನು ಕನ್ನಡದಲ್ಲಿ ‘ಎಣ್ಣೆ’ ಎನ್ನಬಹುದೇ?

ಮಾನ್ಯರೇ,

ಕೊಪ್ಪಳದ ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗಾಗಿ, ಹಳೆಯ ಅಂಬಾಸಿಡರ್ ಕಾರುಗಳ ಬ್ರೇಕ್ ನಿರ್ವಹಣೆಯನ್ನು ಕುರಿತು ಒಂದು ಕನ್ನಡ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಪೆಡಲ್ ಒತ್ತಿದಾಗ ಚಕ್ರಗಳ ಬ್ರೇಕಿಗೆ ಒತ್ತಡ ಕಳಿಸುವ ಮಾಸ್ಟರ್ ಸಿಲಿಂಡರಿಗೆ ತುಂಬುವ ವಸ್ತುವನ್ನು ಇಲ್ಲಿ ಮೇಸ್ತ್ರಿಯಿಂದ ಅಂಗಡಿಯವರವರೆಗೆ ಎಲ್ಲರೂ ‘ಬ್ರೇಕ್ ಆಯಿಲ್’ ಎಂದೇ ಕರೆಯುತ್ತಾರೆ. ಕೈಪಿಡಿಯ ಕರಡನ್ನು ಓದಿದ ಹಿರಿಯರೊಬ್ಬರು ಅದನ್ನು ‘ಬ್ರೇಕ್ ಎಣ್ಣೆ’ ಎಂದು ತಿದ್ದಿದ್ದಾರೆ. ಈ ತಿದ್ದುಪಡಿಯನ್ನು ಒಪ್ಪಲು ನನಗೆ ಆಗುತ್ತಿಲ್ಲ.

ಡಾಟ್ 3, ಡಾಟ್ 4 ಎಂಬ ದರ್ಜೆಯ ಹೆಸರು ಡಬ್ಬಿಯ ಮೇಲೆ ಅಚ್ಚಾಗಿರುವ ಬ್ರೇಕ್ ದ್ರವಗಳು ಗ್ಲೈಕಾಲ್ ಎಂಬ ರಾಸಾಯನಿಕದ ಮೂಲದವು. ಅದರ ಒಂದು ಹನಿ ಬಾನೆಟ್ಟಿನ ಮೇಲೆ ಬಿದ್ದು ಹಾಗೆಯೇ ಉಳಿದರೆ ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಕೂಡಲೇ ನೀರು ಹೊಯ್ದರೆ ಪೂರ್ತಿ ತೊಳೆದುಹೋಗುತ್ತದೆ. ನೀರಿನಲ್ಲಿ ಬೆರೆಯುವುದನ್ನು ನಾವು ಎಣ್ಣೆ ಎನ್ನುವುದುಂಟೇ? ಗಾಳಿಯ ತೇವವನ್ನೂ ಅದು ಹೀರಿಕೊಳ್ಳುವುದರಿಂದ, ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಡಾಟ್ 4ರ ಕುದಿಬಿಂದು, ತೇವ ಸೇರಿದ ಮೇಲೆ 155ರ ಆಸುಪಾಸಿಗೆ ಇಳಿಯಬಹುದು. ಆಗಾಗ ಬದಲಿಸಬೇಕೆಂದು ಹೇಳುವುದು ಇದೇ ಕಾರಣಕ್ಕೆ.

ನನ್ನ ಆತಂಕ ಇದಕ್ಕಿಂತ ದೊಡ್ಡದು. ‘ಎಣ್ಣೆ ಕಡಿಮೆಯಾದರೆ ತುಂಬಿರಿ’ ಎಂಬ ವಾಕ್ಯವನ್ನು ಓದಿದ ಹುಡುಗ ಪಕ್ಕದಲ್ಲಿದ್ದ ಎಂಜಿನ್ ಆಯಿಲನ್ನೇ ಸುರಿದರೆ, ಮಾಸ್ಟರ್ ಸಿಲಿಂಡರಿನ ಮತ್ತು ಚಕ್ರದ ಸಿಲಿಂಡರುಗಳ ರಬ್ಬರ್ ಕಪ್ಪುಗಳು (ದ್ರವ ಸೋರದಂತೆ ತಡೆಯುವ ಬಟ್ಟಲಿನಾಕಾರದ ಸೀಲುಗಳು) ಉಬ್ಬಿ, ಪೆಡಲಿನಿಂದ ಕಾಲು ತೆಗೆದರೂ ಒತ್ತಡ ಇಳಿಯದೆ ಚಕ್ರಗಳು ಬಿಗಿದುಕೊಳ್ಳುತ್ತವೆ. ಆಮೇಲೆ ಪೈಪುಗಳನ್ನೆಲ್ಲ ತೊಳೆದು, ರಬ್ಬರ್ ಇರುವ ಪ್ರತಿಯೊಂದು ಭಾಗವನ್ನೂ ಬದಲಿಸದೆ ಬೇರೆ ದಾರಿಯಿಲ್ಲ. ಆದ್ದರಿಂದ ‘ಬ್ರೇಕ್ ದ್ರವ’ ಎಂದು ಬರೆದು, ಮೊದಲ ಸಲ ಬಂದಲ್ಲಿ ಮಾತ್ರ ‘ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಎನ್ನುವುದು ಇದನ್ನೇ’ ಎಂದು ಸೇರಿಸುವುದು ಸರಿಯೆಂದು ನನಗೆ ತೋರುತ್ತದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೂಡಿಸುವ ಅಧ್ಯಾಯಕ್ಕೂ ಇದೇ ಪದ ಹೊಂದುತ್ತದೆ.

ಇದರ ಜೊತೆಗೇ ಇನ್ನೊಂದು ಪ್ರಯೋಗವನ್ನು ಕೇಳಬೇಕಾಗಿದೆ. ನಮ್ಮ ಕಡೆ ‘ಬ್ರೇಕ್ ಹಿಡೀವಲ್ದು’ ಎಂದರೆ ಒತ್ತಿದರೂ ಗಾಡಿ ನಿಲ್ಲುತ್ತಿಲ್ಲವೆಂದು ಅರ್ಥ. ‘ಬ್ರೇಕ್ ಹಿಡ್ಕೊಂಡೈತಿ’ ಎಂದರೆ ಬಿಟ್ಟರೂ ಚಕ್ರ ಸಡಿಲವಾಗುತ್ತಿಲ್ಲವೆಂದು ಅರ್ಥ. ‘ಹಿಡಿ’, ‘ಹಿಡಿದುಕೊ’ ಎಂಬ ಎರಡೇ ರೂಪಗಳಲ್ಲಿ ಎರಡು ಬೇರೆ ದೋಷಗಳು ಸ್ಪಷ್ಟವಾಗಿ ತಿಳಿಯುತ್ತವೆ; ಇಷ್ಟು ಚೆನ್ನಾದ ಮಾತನ್ನು ಬಿಟ್ಟು ‘ವೈಫಲ್ಯ’, ‘ಸ್ತಂಭನ’ ಎಂದು ಬರೆಯಲು ನನಗೆ ಇಷ್ಟವಿಲ್ಲ. ಮೈಸೂರು, ಮಂಗಳೂರು ಕಡೆಯ ಓದುಗರಿಗೂ ‘ಹಿಡಿಯುತ್ತಿಲ್ಲ’, ‘ಹಿಡಿದುಕೊಂಡಿದೆ’ ಎಂಬ ರೂಪಗಳಲ್ಲಿ ಇದೇ ವ್ಯತ್ಯಾಸ ಕಾಣುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಬೇಕು.