ಪ್ರತಿ ವಾರದ ಸೈಟ್ ಮೀಟಿಂಗ್: ಪ್ರಾಜೆಕ್ಟ್‌ನಲ್ಲಿ ಹಾಕುವುದು ಹೇಗೆ?

ಮಂಗಳೂರಿನಲ್ಲಿ ನಮ್ಮದೊಂದು ಅಪಾರ್ಟ್‌ಮೆಂಟ್ ಕೆಲಸ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಶೆಡ್ಯೂಲ್ ಮಾಡುತ್ತಿದ್ದೇನೆ. ಪ್ರತಿ ಮಂಗಳವಾರ ಸಂಜೆ 4ಕ್ಕೆ ಸೈಟ್ ಮೀಟಿಂಗ್ ಇದೆ. ಒಂದೊಂದೇ ಸಾಲು ಬರೆಯುತ್ತಾ ಕೂರಬೇಕಾ? ಮಾಡಿದವರು ಹೇಳಿ.

*

ಬೇಡ ಮಾರಾಯ್ರೆ. ಟಾಸ್ಕ್ ಟ್ಯಾಬ್‌ನಲ್ಲಿ ಟಾಸ್ಕ್ ಬಟನ್ ಕೆಳಗಿನ ಸಣ್ಣ ಬಾಣ ಒತ್ತಿದರೆ ರಿಕರಿಂಗ್ ಟಾಸ್ಕ್ (ಮತ್ತೆ ಮತ್ತೆ ಬರುವ ಕೆಲಸ) ಸಿಗುತ್ತದೆ. ವೀಕ್ಲಿ, ಟ್ಯೂಸ್‌ಡೇ ಆರಿಸಿ. ಡ್ಯೂರೇಷನ್‌ನಲ್ಲಿ ಸುಮ್ನೆ ಬಿಟ್ಟರೆ ಇಡೀ ದಿನ ಹಿಡಿಯುತ್ತದೆ, ಒಂದು ಗಂಟೆಗೆ 1h ಎಂದು ಹಾಕಿ. ಸ್ಟಾರ್ಟ್‌ನಲ್ಲಿ ದಿನಾಂಕದ ಜೊತೆ ಸಂಜೆ 4 ಗಂಟೆಯನ್ನೂ ಬರೆಯಿರಿ. ಇಲ್ಲದಿದ್ದರೆ ಬೆಳಿಗ್ಗೆ 8ಕ್ಕೇ ಹೋಗಿ ಕೂರುತ್ತದೆ.

ಇದಕ್ಕೆಲ್ಲ ಮೊದಲು ಕ್ಯಾಲೆಂಡರ್ ಸರಿ ಮಾಡಿಕೊಳ್ಳಿ. ಸ್ಟ್ಯಾಂಡರ್ಡ್ ಕ್ಯಾಲೆಂಡರ್‌ನಲ್ಲಿ ಶನಿವಾರ ರಜೆ, ನಮ್ಮೂರ ಸೈಟ್‌ಗಳಲ್ಲಿ ಶನಿವಾರ ಕೆಲಸ ಇರುತ್ತದೆ ಅಲ್ವಾ? ಪ್ರಾಜೆಕ್ಟ್ ಟ್ಯಾಬ್‌ನ ಚೇಂಜ್ ವರ್ಕಿಂಗ್ ಟೈಮ್‌ಗೆ ಹೋಗಿ ಬದಲಿಸಿ, ಹಬ್ಬದ ರಜೆಗಳನ್ನೂ ಅಲ್ಲೇ ಸೇರಿಸಿ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಕರಾವಳಿಯ ಕ್ಯಾಥೊಲಿಕರ ಹಬ್ಬ) 2026ರಲ್ಲಿ ಮಂಗಳವಾರವೇ ಬರುತ್ತದೆ. ಅದಕ್ಕೆ ಸೈಟ್ ರಜೆ ಕೊಡುವುದಾದರೆ ಮೊದಲೇ ಹಾಕಿಡಿ. ಆಗ ಪ್ರಾಜೆಕ್ಟ್ ತಾನೇ ಕೇಳುತ್ತದೆ: ಮುಂದಿನ ಕೆಲಸದ ಹೊತ್ತಿಗೆ ಸರಿಸಲಾ, ಆ ವಾರದ್ದು ಬಿಡಲಾ? ನಾನು ಯಾವಾಗಲೂ ಸರಿಸುತ್ತೇನೆ. ಮಳೆ ಕಡಿಮೆಯಾಗಿ ಕೆಲಸ ಚುರುಕಾಗುವ ಹೊತ್ತಲ್ಲಿ ಒಂದು ಮೀಟಿಂಗ್ ತಪ್ಪಿದರೂ ಕಷ್ಟ.

ಕೊನೆಯ ದಿನಾಂಕ ಕೊಡುವಾಗ ತುಂಬ ಜಾಗ್ರತೆ. ಮೀಟಿಂಗ್‌ಗಳು ಕಟ್ಟಡದ ಕೆಲಸ ದಾಟಿ ಮುಂದಕ್ಕೆ ಹೋದರೆ, ಇಡೀ ಪ್ರಾಜೆಕ್ಟ್ ಮುಗಿಯುವ ದಿನವೇ ಮುಂದೆ ಹೋಗುತ್ತದೆ. ಪೇಂಟಿಂಗ್ ಮುಗಿದರೂ ರಿಪೋರ್ಟ್‌ನಲ್ಲಿ ಇನ್ನೂ ಮುಗಿದಿಲ್ಲ ಅಂತ ತೋರಿಸುತ್ತದೆ. ಮಾಲೀಕರಿಗೆ ಆ ರಿಪೋರ್ಟ್ ಹೋದರೆ ಉತ್ತರ ಕೊಡಬೇಕಾದವರು ನೀವು.

*

ಉಡುಪಿಯಿಂದ ಒಂದು ಮಾತು ಸೇರಿಸುತ್ತೇನೆ. ಈ ಮೀಟಿಂಗ್‌ಗಳು ನಾವು ಕೊಟ್ಟ ದಿನಾಂಕಕ್ಕೇ ಅಂಟಿಕೊಂಡಿರುತ್ತವೆ. ಅಡಿಪಾಯದ ಕೆಲಸ ಜೂನ್ ಮಳೆಗೆ ಸಿಕ್ಕಿ ತಡವಾದರೂ ಅವು ಅಲುಗಾಡುವುದಿಲ್ಲ. ಮೇಲಿನ ಮುಖ್ಯ ಸಾಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ಕೊನೆಯ ದಿನಾಂಕವನ್ನು ನಾವೇ ಬದಲಿಸಬೇಕು. ಮತ್ತೆ, ಇಂಜಿನಿಯರ್‌ಗಳ ಹೆಸರನ್ನು ಮೀಟಿಂಗ್‌ಗೆ ಜೋಡಿಸಬೇಡಿ ಅನ್ನುವುದು ನನ್ನ ಸಲಹೆ. ದಿನಪೂರ್ತಿ ಕೆಲಸ ಇರುವವರ ಮೇಲೆ ಇನ್ನೊಂದು ಗಂಟೆ ಬಿದ್ದರೆ ಕೆಂಪು ಗುರುತು ಬರುತ್ತದೆ. ವಾರ ವಾರ ಅದೇ ಕೆಂಪು ನೋಡಿ ನೋಡಿ, ನಿಜವಾಗಿ ಕೆಲಸ ಜಾಸ್ತಿಯಾದಾಗ ಕಣ್ಣಿಗೆ ಬೀಳುವುದೇ ಇಲ್ಲ.

*

ತಿಂಗಳ ಬಿಲ್‌ಗೂ ಈ ರಿಕರಿಂಗ್ ಟಾಸ್ಕನ್ನೇ ಬಳಸಬಹುದು. ಮಂತ್ಲಿ ಆರಿಸಿದರೆ ತಿಂಗಳ ಕೊನೆಯ ಶುಕ್ರವಾರ ಅಂತ ಕೊಡಲು ಬರುತ್ತದೆ. ನಾವು ಹಾಗೇ ಮಾಡುತ್ತಿದ್ದೇವೆ.