ವಾಯೇಜರ್ 1 ಹತ್ತಿರ ಬರುತ್ತಿದೆ ಅಂತ ನನ್ನ ಶೀಟ್ ತೋರಿಸುತ್ತಿದೆ, ತಪ್ಪು ಎಲ್ಲಿದೆ?

ದೂರದ_ದನಿ: ಎಲ್ಲರಿಗೂ ನಮಸ್ಕಾರ. ನಾಸಾದ ವಾಯೇಜರ್ 1 ಬಾಹ್ಯಾಕಾಶ ನೌಕೆ ಭೂಮಿಯಿಂದ ಎಷ್ಟು ದೂರದಲ್ಲಿದೆ ಅಂತ ಪ್ರತಿ ಭಾನುವಾರ ಎಕ್ಸೆಲ್ ಶೀಟ್‌ನಲ್ಲಿ ಬರೆದಿಡುತ್ತೇನೆ. ಅಂಕಿಗಳೆಲ್ಲ ಹೊರೈಜನ್ಸ್‌ನಿಂದ ತೆಗೆದದ್ದು, ಅಂದರೆ ಗ್ರಹ, ನೌಕೆಗಳ ಸ್ಥಾನ ಲೆಕ್ಕ ಹಾಕಿ ಕೊಡುವ, ನಾಸಾದ ಜೆಪಿಎಲ್ ಪ್ರಯೋಗಾಲಯದ ಆನ್‌ಲೈನ್ ಸೇವೆ. ಡಿಸೆಂಬರ್‌ನಲ್ಲಿ ಶುರು ಮಾಡಿದಾಗ ದೂರ ವಾರಕ್ಕೆ ಸುಮಾರು ಒಂದು ಕೋಟಿ ಕಿ.ಮೀ. ಏರುತ್ತಿತ್ತು. ಆಮೇಲೆ ಏರಿಕೆ ಕಡಿಮೆಯಾಗುತ್ತಾ ಬಂತು, ಜನವರಿ ಕೊನೆಗೆ ನಿಂತೇ ಹೋಯಿತು. ಈಗ ಮಾರ್ಚ್. ವಾರಕ್ಕೆ ಸುಮಾರು 45 ಲಕ್ಷ ಕಿ.ಮೀ. ಇಳಿಯುತ್ತಿದೆ! ಹೋದ ವಾರವಂತೂ 59 ಲಕ್ಷ ಇಳಿದಿದೆ.

1977ರಲ್ಲಿ ಹೊರಟ ನೌಕೆ ಇದು. ತಿರುಗಿ ಬರುವ ಮಾತೇ ಇಲ್ಲ. 2023ರ ನವೆಂಬರ್‌ನಲ್ಲಿ ಅದು ಅರ್ಥವಿಲ್ಲದ ಸಂಕೇತ ಕಳಿಸತೊಡಗಿದಾಗ ತುಂಬಾ ಬೇಜಾರಾಗಿತ್ತು. 2024ರ ಏಪ್ರಿಲ್‌ನಲ್ಲಿ ಮತ್ತೆ ಓದುವಂಥ ಮಾಹಿತಿ ಬಂದಾಗಿನಿಂದ ಅದರ ಒಂದು ಸುದ್ದಿಯನ್ನೂ ಬಿಟ್ಟಿಲ್ಲ. ಹಾಗಾಗಿ ಈ ಲೆಕ್ಕ ಸರಿಯಾಗಿರಬೇಕು ಅಂತ ಆಸೆ. ದಯವಿಟ್ಟು ನೋಡಿ ಹೇಳಿ.

ಕಕ್ಷೆಗಾರ: ಮೊದಲು ಹೊರೈಜನ್ಸ್‌ನಲ್ಲಿ ಹಾಕಿದ ನೌಕೆಯ ಸಂಖ್ಯೆ ನೋಡಿ. ವಾಯೇಜರ್ 1ಕ್ಕೆ -31, ವಾಯೇಜರ್ 2ಕ್ಕೆ -32. ಒಂದು ಅಂಕಿ ತಪ್ಪಿದರೆ ಬೇರೆ ನೌಕೆಯ ದೂರ ಬರುತ್ತದೆ. ಆಮೇಲೆ ಕೇಂದ್ರ, ಅಂದರೆ ದೂರವನ್ನು ಎಲ್ಲಿಂದ ಅಳೆಯುತ್ತಿದೆ ಅನ್ನೋದನ್ನು ನೋಡಿ. ಭೂಮಿಗೆ 500@399, ಸೂರ್ಯನಿಗೆ 500@10. ನಡುವೆ ಎಲ್ಲೋ ಬದಲಾಗಿರಬಹುದು.

ದೂರದ_ದನಿ: ಎರಡೂ ಸರಿಯಾಗಿವೆ. ಮೊದಲ ಸಾಲಿನಿಂದಲೂ -31, 500@399.

ರಾತ್ರಿಪಾಳಿ: ಹಾಗಾದರೆ ಶೀಟ್‌ನಲ್ಲಿ ತಪ್ಪಿಲ್ಲ. ವಾಯೇಜರ್ 1 ನಿಜಕ್ಕೂ ಭೂಮಿಗೆ ಹತ್ತಿರವಾಗುತ್ತಿದೆ. ಸರಿಯಾಗಿ ಹೇಳಬೇಕೆಂದರೆ ಭೂಮಿಯೇ ಅದರ ಕಡೆಗೆ ಓಡುತ್ತಿದೆ.

ವಾಯೇಜರ್ 1 ಸೂರ್ಯನಿಂದ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ದೂರ ಹೋಗುತ್ತಿದೆ. ಭೂಮಿ ಸೂರ್ಯನನ್ನು ಸುತ್ತುವ ವೇಗ ಸೆಕೆಂಡಿಗೆ ಸುಮಾರು 30 ಕಿ.ಮೀ. ಈ ಸುತ್ತಿನ ಒಂದು ಭಾಗದಲ್ಲಿ ನಾವು ನೌಕೆ ಇರುವ ದಿಕ್ಕಿಗೇ ಸಾಗುತ್ತೇವೆ. ಆಗ ನಮ್ಮ ವೇಗವೇ ಜಾಸ್ತಿ, ದೂರ ಕಡಿಮೆಯಾಗುತ್ತದೆ. ಪ್ರತಿ ವರ್ಷ ಹೆಚ್ಚುಕಡಿಮೆ ಜನವರಿ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ಹೀಗಾಗುತ್ತದೆ. ಉಳಿದ ತಿಂಗಳುಗಳಲ್ಲಿ ಎಲ್ಲ ಸೇರಿಸಿ ವಾಪಸ್ ಏರುತ್ತದೆ.

ಪರೀಕ್ಷೆ ಮಾಡಲು ಹೊರೈಜನ್ಸ್‌ನ ಅಬ್ಸರ್ವರ್ ಟೇಬಲ್‌ನಲ್ಲಿ (ಭೂಮಿಯಿಂದ ನೋಡಿದಂತೆ ಅಂಕಿ ಕೊಡುವ ಪಟ್ಟಿ) 19 ಮತ್ತು 20ನೇ ಆಯ್ಕೆ ಹಾಕಿ. 19ರಲ್ಲಿ ಸೂರ್ಯನಿಂದ ದೂರ ಬರುತ್ತದೆ, ಅದು ಒಂದು ವಾರವೂ ಇಳಿಯುವುದಿಲ್ಲ. 20ರಲ್ಲಿ ನಿಮ್ಮ ಭೂಮಿಯ ದೂರ, ಪಕ್ಕದಲ್ಲೇ ಡೆಲ್‌ಡಾಟ್ ಅಂತ ಇನ್ನೊಂದು ಅಂಕಿ, ಅಂದರೆ ಆ ದೂರ ಸೆಕೆಂಡಿಗೆ ಎಷ್ಟು ಕಿ.ಮೀ. ಬದಲಾಗುತ್ತಿದೆ ಅನ್ನೋದು. ಡೆಲ್‌ಡಾಟ್ ಮೈನಸ್ ಇದ್ದರೆ ದೂರ ಇಳಿಯುತ್ತಿದೆ ಅಂತ ಅರ್ಥ.

ಕಕ್ಷೆಗಾರ: ಒಪ್ಪಿದೆ, ನಾನು ಇದನ್ನು ಯೋಚಿಸಿರಲಿಲ್ಲ. ಆದರೆ 30ರಲ್ಲಿ 17 ಕಳೆದರೆ 13. ಸೆಕೆಂಡಿಗೆ 13 ಕಿ.ಮೀ. ಅಂದರೆ ವಾರಕ್ಕೆ 79 ಲಕ್ಷ ಆಗಬೇಕಲ್ವಾ? 45 ಲಕ್ಷ ಯಾಕೆ?

ರಾತ್ರಿಪಾಳಿ: ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ 1980ರ ನವೆಂಬರ್ 12ರಲ್ಲಿದೆ. ಅವತ್ತು ವಾಯೇಜರ್ 1 ಶನಿಯ ಚಂದ್ರ ಟೈಟನ್‌ನ ಹತ್ತಿರದಿಂದ ಹಾದುಹೋಯಿತು. ಟೈಟನ್ ನೋಡಲು ಆರಿಸಿಕೊಂಡ ಆ ದಾರಿಯಿಂದಾಗಿ ಶನಿಯ ಗುರುತ್ವ ನೌಕೆಯನ್ನು ಗ್ರಹಗಳು ಸುತ್ತುವ ಸಮತಲದಿಂದ ಮೇಲಕ್ಕೆ ಎಸೆಯಿತು. ಈಗ ಅದು ಆ ಸಮತಲಕ್ಕಿಂತ ಸುಮಾರು 35 ಡಿಗ್ರಿ ಉತ್ತರಕ್ಕಿದೆ. ಭೂಮಿ ಮಾತ್ರ ಸಮತಲದಲ್ಲೇ ಓಡುತ್ತದೆ. ಆದ್ದರಿಂದ ನಮ್ಮ 30 ಕಿ.ಮೀ.ನಲ್ಲಿ ನೌಕೆಯ ದಿಕ್ಕಿಗೆ ಸಿಗುವುದು ಹೆಚ್ಚೆಂದರೆ 24 ಚಿಲ್ಲರೆ. ಅದರಲ್ಲಿ 17 ಕಳೆಯಿರಿ, ಏಳು ಚಿಲ್ಲರೆ ಉಳಿಯುತ್ತದೆ. ವಾರಕ್ಕೆ ಸುಮಾರು 45 ಲಕ್ಷ!

ನಲವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಆ ತಿರುವು ಇವತ್ತು ಒಂದು ಎಕ್ಸೆಲ್ ಶೀಟ್‌ನಲ್ಲಿ ಕಾಣುತ್ತಿದೆ. ನನಗಂತೂ ತುಂಬಾ ಖುಷಿ ಕೊಡುವ ವಿಷಯ ಇದು.

ದೂರದ_ದನಿ: ಡೆಲ್‌ಡಾಟ್ ನೋಡಿದೆ, ಮೈನಸ್ ಏಳೂವರೆ ಹತ್ತಿರ ಇದೆ. ಮನಸ್ಸಿಗೆ ಸಮಾಧಾನವಾಯಿತು. ಹಾಗಾದರೆ ಹೋದ ವಾರದ 59 ಲಕ್ಷ?

ರಾತ್ರಿಪಾಳಿ: ಅದು ಮಾತ್ರ ಶೀಟ್‌ನ ತಪ್ಪೇ ಇರಬೇಕು. ಹೋದ ವಾರ ಏನಾದರೂ ಬದಲಾಯಿಸಿದಿರಾ?

ದೂರದ_ದನಿ: ಹೌದು. ಅಲ್ಲಿವರೆಗೆ ಹೊರೈಜನ್ಸ್‌ನದ್ದೇ ಇನ್ನೊಂದು ಪಟ್ಟಿಯಾದ ವೆಕ್ಟರ್ ಟೇಬಲ್ ಬಳಸುತ್ತಿದ್ದೆ. ಬೆಳಕು ಬರಲು ಹಿಡಿಯುವ ಸಮಯವೂ ಒಟ್ಟಿಗೇ ನೋಡೋಣ ಅಂತ ಅಬ್ಸರ್ವರ್ ಟೇಬಲ್‌ಗೆ ಬಂದೆ.

ರಾತ್ರಿಪಾಳಿ: ಸಿಕ್ಕಿತು. ವೆಕ್ಟರ್ ಟೇಬಲ್ ಸುಮ್ನೆ ಬಿಟ್ಟರೆ ನೌಕೆ ಆ ಕ್ಷಣ ಎಲ್ಲಿದೆಯೋ ಅಲ್ಲಿಗೆ ದೂರ ಕೊಡುತ್ತದೆ. ಅಬ್ಸರ್ವರ್ ಟೇಬಲ್ ಕೊಡುವುದು ಈಗ ನಮಗೆ ತಲುಪಿದ ಬೆಳಕು ಹೊರಟಾಗ ನೌಕೆ ಎಲ್ಲಿತ್ತೋ ಅಲ್ಲಿಗೆ. ಆ ಬೆಳಕು ಹೊರಟದ್ದು ಸುಮಾರು 23 ಗಂಟೆ ಮೊದಲು. ಅಷ್ಟರಲ್ಲಿ ಸೆಕೆಂಡಿಗೆ 17 ಕಿ.ಮೀ.ನಂತೆ ನೌಕೆ 14 ಲಕ್ಷ ಕಿ.ಮೀ. ಮುಂದೆ ಹೋಗಿರುತ್ತದೆ. 59ರಲ್ಲಿ 45 ಕಳೆಯಿರಿ, ಅದೇ 14.

ಎರಡೂ ದೂರ ನಿಜವೇ. ಒಂದೇ ಕಾಲಂನಲ್ಲಿ ಬೆರೆಸಬಾರದು ಅಷ್ಟೆ. ಅಬ್ಸರ್ವರ್ ಟೇಬಲ್‌ನಲ್ಲಿ ಡಿಸೆಂಬರ್‌ನ ಮೊದಲ ಭಾನುವಾರದಿಂದ ಇವತ್ತಿನವರೆಗೆ ಅಂತ ಹಾಕಿ, ಹೆಜ್ಜೆ 7 ದಿನ ಕೊಡಿ. ಎಲ್ಲ ಸಾಲೂ ಒಂದೇ ಸಲ ಬರುತ್ತವೆ.

ಮಿಣುಕು: ವಾಯೇಜರ್ 2 ಮತ್ತು ನ್ಯೂ ಹೊರೈಜನ್ಸ್ ನೌಕೆಗಳಿಗೂ ಹೀಗೇ ಆಗುತ್ತದಾ?

ರಾತ್ರಿಪಾಳಿ: ಆಗುತ್ತದೆ. ವಾಯೇಜರ್ 2ಕ್ಕೆ ಸುಮಾರು ಒಂದು ತಿಂಗಳು ತಡವಾಗಿ ಶುರು. ಅದು 1989ರಲ್ಲಿ ನೆಪ್ಚೂನ್ ದಾಟಿದ ಮೇಲೆ ದಕ್ಷಿಣಕ್ಕೆ ತಿರುಗಿತು. ಎಷ್ಟು ದಕ್ಷಿಣಕ್ಕೆ ಅಂದರೆ ಡೀಪ್ ಸ್ಪೇಸ್ ನೆಟ್‌ವರ್ಕ್‌ನ (ದೂರದ ನೌಕೆಗಳ ಜೊತೆ ಸಂಪರ್ಕಕ್ಕಿರುವ ನಾಸಾದ ಆಂಟೆನಾ ಜಾಲ) ಮೂರು ಕೇಂದ್ರಗಳಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಮಾತ್ರ ಅದರ ಜೊತೆ ಮಾತಾಡಬಲ್ಲದು. ನ್ಯೂ ಹೊರೈಜನ್ಸ್ ಹೆಚ್ಚುಕಡಿಮೆ ಸಮತಲದಲ್ಲೇ ಇದೆ, ವೇಗವೂ ಕಡಿಮೆ, ಸೆಕೆಂಡಿಗೆ 14 ಕಿ.ಮೀ. ಹತ್ತಿರ. ಹಾಗಾಗಿ ಅದಕ್ಕೆ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ದೂರ ಇಳಿಯುತ್ತದೆ. ಅದರ ಸಂಖ್ಯೆ -98, ನೀವೇ ಹಾಕಿ ನೋಡಿ.

ದೂರದ_ದನಿ: ಏಪ್ರಿಲ್ ಕೊನೆಯ ಭಾನುವಾರ. ಶೀಟ್ ಪೂರ್ತಿ ಹೊಸದಾಗಿ ಮಾಡಿದ್ದೆ, 59 ಲಕ್ಷದ ಆ ಜಿಗಿತ ಹೋಗಿದೆ. ಮೂರು ತಿಂಗಳಲ್ಲಿ ಭೂಮಿಯಿಂದ ದೂರ ಒಟ್ಟು ಸುಮಾರು 4 ಕೋಟಿ ಕಿ.ಮೀ. ಇಳಿದಿದೆ. ಬೆಳಕು ಎರಡು ನಿಮಿಷಕ್ಕೂ ಸ್ವಲ್ಪ ಜಾಸ್ತಿ ಬೇಗ ತಲುಪುತ್ತಿದೆ. ಇವತ್ತು ಡೆಲ್‌ಡಾಟ್ ಮೈನಸ್‌ನಿಂದ ಪ್ಲಸ್‌ಗೆ ಬಂದಿದೆ. ಮತ್ತೆ ಏರಲು ಶುರುವಾಯಿತು.