ಸಹಾಯ ಬೇಕು: ಬಂಡೆಗೂ ಗರಸಿಗೂ ಹಿಡಿತ ಕೊಡುವ ಎಂಟಿಬಿ (ಮೌಂಟೇನ್ ಬೈಕ್) ಟೈರ್

ಗುಂಪಿನ ಎಲ್ಲ ಸವಾರರಿಗೆ ನಮಸ್ಕಾರ. ನಾನು ಗಂಗಾವತಿಯವನು, ಆನೆಗೊಂದಿ, ಸಾಣಾಪುರದ ಸುತ್ತಲಿನ ಕಾಲುದಾರಿಗಳಲ್ಲಿ 29 ಇಂಚಿನ ಗಾಲಿಯ ಮೌಂಟೇನ್ ಬೈಕ್ ಓಡಿಸುತ್ತೇನೆ. ಸೈಕಲ್ ಜೊತೆಗೇ ಬಂದ 2.1 ಇಂಚು ಅಗಲದ ಟೈರ್‌ಗಳನ್ನು ಈಗ ಬದಲಿಸಬೇಕಾಗಿದೆ.

ಒಣಗಿದ ಬಂಡೆಯ ಮೇಲೆ ಇವುಗಳ ಹಿಡಿತಕ್ಕೆ ಕೊರತೆಯಿಲ್ಲ. ಆದರೆ ಅದೇ ಬಂಡೆಯ ಮೇಲೆ ಜೋಳದ ಕಾಳಿನಷ್ಟು ದಪ್ಪದ ಗರಸು ಹರಡಿಕೊಂಡಿರುವ ಇಳಿಜಾರಿನ ತಿರುವಿನಲ್ಲಿ ಸೈಕಲ್ ವಾಲಿಸಿದ ಕೂಡಲೇ ಮುಂದಿನ ಗಾಲಿ ಹೊರಕ್ಕೆ ಜಾರುತ್ತದೆ. ಮಳೆಯಾದ ಮೇಲಿನ ಎರೆಮಣ್ಣಿನ ವಿಚಾರ ಬಿಡಿ, ಅದಕ್ಕೆ ಯಾವ ಟೈರೂ ಮದ್ದಲ್ಲ.

ಮುಂದಕ್ಕೆ 2.35 ಇಂಚಿನ, ಅಂಚಿನ ಬಟನ್‌ಗಳು (ಟೈರಿನ ಮೇಲಿನ ರಬ್ಬರ್ ಉಬ್ಬುಗಳು) ಎತ್ತರವಾಗಿ, ಬಿಡಿಬಿಡಿಯಾಗಿರುವ ಮೆದು ರಬ್ಬರಿನ ಟೈರನ್ನೂ, ಹಿಂದಕ್ಕೆ 2.25 ಇಂಚಿನ, ನಡುವಿನ ಬಟನ್‌ಗಳು ಒತ್ತಾಗಿರುವ, ಹಗುರವಾಗಿ ಉರುಳುವ ಟೈರನ್ನೂ ಹಾಕಿಸುವ ಯೋಚನೆಯಿದೆ. ರಿಮ್‌ನ ಒಳ ಅಗಲ 25 ಮಿ.ಮೀ. ಇದೆ. ಈ ಜೋಡಿ ಸರಿಹೊಂದೀತೇ? ಮನೆಯಿಂದ ಗುಡ್ಡದವರೆಗಿನ ಡಾಂಬರು ರಸ್ತೆಯಲ್ಲಿ ಮೆದು ರಬ್ಬರ್ ಬೇಗ ಸವೆಯುವುದೇ?

ಟ್ಯೂಬ್‌ಲೆಸ್ ಮಾಡಿಸಿದರೆ ಟ್ಯೂಬ್ ಕಲ್ಲಿಗೆ ಸಿಕ್ಕಿ ಒಡೆಯುವ ಭಯವಿಲ್ಲದೆ ಗಾಳಿಯನ್ನು ಕಡಿಮೆ ಇಟ್ಟು ಹಿಡಿತ ಹೆಚ್ಚಿಸಬಹುದು, ಬಳ್ಳಾರಿ ಜಾಲಿಯ ಮುಳ್ಳಿನ ಕಾಟವೂ ತಗ್ಗುತ್ತದೆ. ಆದರೆ ನಮ್ಮ ಬೇಸಿಗೆಯಲ್ಲಿ ಸೀಲೆಂಟ್ (ತೂತು ಮುಚ್ಚಲು ಟೈರಿನೊಳಗೆ ಹಾಕುವ ದ್ರವ) ಬೇಗ ಒಣಗುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಓಡಿಸುವವರು ಅದನ್ನು ಎಷ್ಟು ವಾರಕ್ಕೊಮ್ಮೆ ತುಂಬಿಸುತ್ತೀರಿ? ನನ್ನ ತೂಕ 72 ಕೆ.ಜಿ.; ಮುಂದೆ 22, ಹಿಂದೆ 25 ಪಿಎಸ್‌ಐ ಗಾಳಿಯ ಒತ್ತಡದಿಂದ ಆರಂಭಿಸಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.